ಸೈಟು ಅಳೆದಿದ್ದು ಸಾಕು, ಒಮ್ಮೆ ಕೋಣೆ ಅಳೆಯಿರಿ: ಮೈಸೂರಿನ ಬಾಡಿಗೆ ಮನೆಯಿಂದ ಒಂದು ಪತ್ರ

ಮಾನ್ಯ ಮೈಸೂರು ಮಹಾನಗರ ಪಾಲಿಕೆ ಆಯುಕ್ತರೇ,
ಮಾನ್ಯ ಮೈಸೂರು ಅಭಿವೃದ್ಧಿ ಪ್ರಾಧಿಕಾರದ ಆಯುಕ್ತರೇ,

ಇಬ್ಬರಿಗೂ ನಮಸ್ಕಾರ. ಒಂದೇ ಪತ್ರದಲ್ಲಿ ಇಬ್ಬರನ್ನೂ ಸೇರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮನೆ ಕಟ್ಟುವ ಜಾಗದ ಲೆಕ್ಕ ಒಬ್ಬರ ಹತ್ತಿರ ಇದೆ. ಕಟ್ಟಿದ ಮನೆಯ ಕಂದಾಯದ ಲೆಕ್ಕ ಇನ್ನೊಬ್ಬರ ಹತ್ತಿರ ಇದೆ. ಆ ಮನೆಯೊಳಗೆ ಬಾಡಿಗೆ ಕೊಟ್ಟು ಇರುವವರ ಲೆಕ್ಕ ಯಾರ ಹತ್ತಿರ ಇದೆ ಅಂತ ತಿಳಿಯದೆ ಇಬ್ಬರಿಗೂ ಬರೆಯುತ್ತಿದ್ದೇನೆ.

ನಾನು ಕೋರ್ಟಿನ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುವವಳು. ಅಫಿಡವಿಟ್ಟು, ಅರ್ಜಿ, ಲಗ್ನಪತ್ರಿಕೆ ಎಲ್ಲಾ ಮಾಡುತ್ತೇವೆ. ಆದರೆ ಅಂಗಡಿ ನಡೆಯುವುದು ಬಾಡಿಗೆ ಕರಾರಿನಿಂದ. ಜನ ಇ-ಸ್ಟಾಂಪ್ ಪೇಪರ್ ಹಿಡಿದುಕೊಂಡು ಬರುತ್ತಾರೆ. ಹೆಸರು, ಮೊತ್ತ, ತಾರೀಖು ಬದಲಾಯಿಸಿ ಪ್ರಿಂಟ್ ಕೊಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಶಾಲೆ ಶುರುವಾಗುವ ಮುಂಚೆ ಮನೆ ಬದಲಾಯಿಸುವವರ ಕಾಲ ಅದು. ಆಷಾಢ ಬಂತು ಅಂದರೆ ಯಾರೂ ಹೊಸ ಮನೆಗೆ ಹಾಲು ಉಕ್ಕಿಸುವುದಿಲ್ಲ, ಆಗ ನಮಗೂ ಸ್ವಲ್ಪ ಬಿಡುವು.

ಅಂತಹ ಒಂದು ಆಷಾಢದ ಮಧ್ಯಾಹ್ನ ಕೂತು ಕರಾರಿನ ಷರತ್ತು ಎಣಿಸಿದೆ. ನಮ್ಮ ಕಂಪ್ಯೂಟರಿನಲ್ಲಿ ಅದರ ಫೈಲಿನ ಹೆಸರು 'ರೆಂಟ್ ಹೊಸದು'. ಹೊಸದು ಅಂದರೂ ನಾನು ಕೆಲಸಕ್ಕೆ ಸೇರುವ ಮುಂಚೆಯೇ ಇದ್ದದ್ದು. ಒಟ್ಟು 15 ಷರತ್ತು. 13 ಬಾಡಿಗೆದಾರರಿಗೆ. 5ನೇ ತಾರೀಖಿನೊಳಗೆ ಬಾಡಿಗೆ ಕೊಡಬೇಕು. ಗೋಡೆಗೆ ಮೊಳೆ ಹೊಡೆಯಬಾರದು. ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು. ಅಕ್ಕಪಕ್ಕದವರಿಗೆ ತೊಂದರೆ ಮಾಡಬಾರದು. ಉಳಿದ ಎರಡರಲ್ಲಿ ಒಂದು, ಖಾಲಿ ಮಾಡುವಾಗ ಓನರು ಅಡ್ವಾನ್ಸ್ ವಾಪಸ್ ಕೊಡುವುದು, ಅದೂ ಬಣ್ಣದ ದುಡ್ಡು ಮುರಿದುಕೊಂಡು. ಇನ್ನೊಂದು, ಇಬ್ಬರೂ ಒಪ್ಪಿ ಸಾಕ್ಷಿಗಳ ಮುಂದೆ ಸಹಿ ಹಾಕಿದ್ದೇವೆ ಅನ್ನುವುದು.

ಮನೆಗೆ ಗಾಳಿ ಬರಬೇಕು, ಮಳೆಗಾಲದಲ್ಲಿ ಸೋರಬಾರದು, ನಲ್ಲಿಯಲ್ಲಿ ನೀರು ಬರಬೇಕು ಅಂತ ಒಂದು ಸಾಲು ಇಲ್ಲ. ಕೊನೆಯಲ್ಲಿ ಶೆಡ್ಯೂಲ್ ಬರುತ್ತದೆ. 'ಒಂದು ಹಾಲ್, ಒಂದು ರೂಮ್, ಒಂದು ಅಡುಗೆಮನೆ, ಒಂದು ಬಚ್ಚಲುಮನೆ, ಎರಡು ಫ್ಯಾನ್, ಮೂರು ಟ್ಯೂಬ್‌ಲೈಟ್.' ಫ್ಯಾನಿನ ಲೆಕ್ಕ ಇದೆ. ರೂಮು ಎಷ್ಟು ಅಡಿ ಅನ್ನುವುದು ಇಲ್ಲ.

ಅದೇ ಕಂಪ್ಯೂಟರಿನಲ್ಲಿ ಸೈಟಿನ ಕ್ರಯಪತ್ರವನ್ನೂ ಟೈಪ್ ಮಾಡುತ್ತೇನೆ. ಅದರಲ್ಲಿ ಚೆಕ್ಕುಬಂದಿ ಅಂತ ಬರುತ್ತದಲ್ವಾ? ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥಾ ನಂಬರಿನ ಸೈಟು, ಉತ್ತರ ದಕ್ಷಿಣ ಇಷ್ಟು ಅಡಿ, ಮೂಲೆ ಸೊಟ್ಟಗಿದ್ದರೆ ಅದನ್ನೂ ಸೇರಿಸಿ ಇಷ್ಟು. ಒಂದು ಅಂಕಿ ತಪ್ಪಿದರೆ ಜನ ಮೈಮೇಲೆ ಬರುತ್ತಾರೆ. ಖಾಲಿ ಜಾಗಕ್ಕೆ ಇರುವ ಈ ಅಳತೆ, ಜನ ಇರುವ ಮನೆಗೆ ಯಾಕಿಲ್ಲ? ನನಗೆ ಕೇಳಬೇಕಾಗಿರುವುದು ಇಷ್ಟೇ. ಉಳಿದದ್ದು ಇದರ ಹಿಂದೆ ಮುಂದೆ ಬರುವ ಮಾತು.

ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. 17 ವರ್ಷದಲ್ಲಿ ಇದು ಆರನೇ ಮನೆ. ಮೊದಲನೆಯದು ಅಗ್ರಹಾರದ ಕಡೆಯ ಒಂದು ವಠಾರ. ವಠಾರ ಅಂದ ತಕ್ಷಣ ಕೆಲವರು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ, ಆಹಾ ಎಂಥಾ ಒಗ್ಗಟ್ಟು ಅಂತ. ಇದ್ದವರನ್ನು ಕೇಳಿ. ಎಂಟು ಮನೆಗೆ ಎರಡು ಕಕ್ಕಸು, ಬೆಳಿಗ್ಗೆ 6 ಗಂಟೆಗೆ ಬಕೆಟ್ ಹಿಡಿದು ಸಾಲು. ಆದರೂ ಒಂದು ಮಾತು ಹೇಳಬೇಕು. ಅಲ್ಲಿ ನಡುವೆ ಅಂಗಳ ಇತ್ತು. ಬಾಗಿಲು ತೆಗೆದರೆ ಆಕಾಶ ಕಾಣುತ್ತಿತ್ತು.

ಈಗಿರುವ ಮನೆ 20-30 ಸೈಟಿನಲ್ಲಿ ಎದ್ದಿರುವ ಮೂರು ಅಂತಸ್ತಿನ ಕಟ್ಟಡದಲ್ಲಿದೆ. ಮಹಡಿಗೆ ಎರಡರಂತೆ ಆರು ಮನೆ. ಹೊರಗಿನಿಂದ ನೋಡಿದರೆ ಟೈಲ್ಸ್, ಸ್ಟೀಲ್ ಕಂಬಿ, ಚೆನ್ನಾಗಿದೆ. ಪಕ್ಕದ ಟೈಲರ್ ಹತ್ತಿರ ಟೇಪ್ ತಂದು ನಮ್ಮ ರೂಮು ಅಳೆದೆ. ಉದ್ದ 9 ಅಡಿ, ಅಗಲ ಏಳೂವರೆ. ಅಂದರೆ 67 ಚದರಡಿ, ಮೇಲೆ ಅರ್ಧ. ನಾನು, ನಮ್ಮಮ್ಮ, ಮಗಳು, ಮೂವರೂ ಅಲ್ಲೇ ಮಲಗುತ್ತೇವೆ. ಕಿಟಕಿ ಇದೆ, ಇಲ್ಲ ಅನ್ನಲ್ಲ. ತೆಗೆದರೆ ಕೈ ಚಾಚಿದಷ್ಟು ದೂರದಲ್ಲಿ ಪಕ್ಕದ ಮನೆಯ ಗೋಡೆ. ಅವರ ಒಗ್ಗರಣೆ ನಮಗೆ ಗೊತ್ತಾಗುತ್ತದೆ, ನಮ್ಮ ಜಗಳ ಅವರಿಗೆ. ಹಗಲು 12 ಗಂಟೆಗೂ ಲೈಟ್ ಹಾಕಿಕೊಂಡು ಮಗಳು ಓದುತ್ತಾಳೆ. ಎರಡೂ ಕಡೆಯವರು ಸುತ್ತ ಬಿಡಬೇಕಾದ ಜಾಗವನ್ನು ಬಿಡದೆ ಕಟ್ಟಿದರೆ ಹೀಗೇ ಆಗುವುದು.

ಈ 67 ಅನ್ನು ತಲೆಯಲ್ಲಿ ಇಟ್ಟುಕೊಂಡು ಹುಡುಕಲು ಶುರು ಮಾಡಿದೆ. ಹಾಗಾದರೆ ಎಷ್ಟಿರಬೇಕು?

ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದು ಇದೆ. ಒಂದೇ ವಾಸದ ಕೋಣೆ ಇರುವ ಮನೆಯಲ್ಲಿ ಆ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು ಅನ್ನುತ್ತದೆ, ಅಂದರೆ ಸುಮಾರು 102 ಚದರಡಿ. ಎರಡು ಕೋಣೆ ಇದ್ದರೆ ಚಿಕ್ಕದು 7.5 ಚದರ ಮೀಟರ್, ಸುಮಾರು 80 ಚದರಡಿ. ನಮ್ಮದು ಚಿಕ್ಕದಕ್ಕಿಂತ ಚಿಕ್ಕದು. ಬೆಂಗಳೂರಿನಲ್ಲಿ 2024ರಲ್ಲಿ ಅಲ್ಲಿನ ಪಾಲಿಕೆ ಪಿಜಿಗಳಿಗೆ ನಿಯಮ ಮಾಡಿತು. ಒಬ್ಬೊಬ್ಬರಿಗೆ ಕನಿಷ್ಠ 70 ಚದರಡಿ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ, ಅಡುಗೆಮನೆಗೆ ಲೈಸೆನ್ಸ್. ಆಮೇಲೆ ಅಂಗಡಿಗೆ ಬರುವ ವಕೀಲರೊಬ್ಬರು ಇನ್ನೊಂದು ವಿಷಯ ಹೇಳಿದರು. ಅವರ ಮಗಳು ಇಂಗ್ಲೆಂಡಿನಲ್ಲಿ ಓದುತ್ತಾಳೆ. ಅಲ್ಲಿ ಬೇರೆ ಬೇರೆ ಕುಟುಂಬದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಬಾಡಿಗೆಗಿದ್ದರೆ ಓನರು ಊರಿನ ಕೌನ್ಸಿಲ್‌ನಿಂದ ಲೈಸೆನ್ಸ್ ತಗೊಳ್ಳಲೇಬೇಕಂತೆ. ಮಲಗುವ ಕೋಣೆ ದೊಡ್ಡವರೊಬ್ಬರಿಗೆ 6.51 ಚದರ ಮೀಟರಿಗಿಂತ ಕಡಿಮೆ ಇರಬಾರದು. 2018ರಿಂದ ಈ ನಿಯಮ. ಲೆಕ್ಕ ಹಾಕಿ ನೋಡಿದೆ. 6.51 ಚದರ ಮೀಟರ್ ಅಂದರೆ 70 ಚದರಡಿ! ಬೆಂಗಳೂರೂ ಅದೇ, ಲಂಡನ್ನೂ ಅದೇ. ಒಬ್ಬ ಮನುಷ್ಯ ಮಲಗಿ ಎದ್ದು ಬಟ್ಟೆ ಮಡಿಸಿಡಲು ಎಲ್ಲಿ ಹೋದರೂ ಅಷ್ಟು ಜಾಗ ಬೇಕು ಅಂತಾಯಿತು. ನಾವು ಮೂವರು, ಒಬ್ಬರಿಗೆ ಬೇಕಾದಷ್ಟೂ ಇಲ್ಲದ ಜಾಗದಲ್ಲಿ ಇದ್ದೇವೆ.

ಇದು ನನ್ನೊಬ್ಬಳ ಗೋಳಾಗಿದ್ದರೆ ಬರೆಯುತ್ತಿರಲಿಲ್ಲ. ದೇಶದ ನಗರಗಳಲ್ಲಿ 1.88 ಕೋಟಿ ಮನೆ ಕೊರತೆ ಇದೆ ಅಂತ 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ಗುಂಪು ಲೆಕ್ಕ ಕೊಟ್ಟಿತು. ಅಷ್ಟೂ ಜನ ಬೀದಿಯಲ್ಲಿ ಇದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಸೂರೇ ಇಲ್ಲದ ಕುಟುಂಬ ಅದರಲ್ಲಿ ಐದು ಲಕ್ಷ ಚಿಲ್ಲರೆ. ಸುಮಾರು ಒಂದೂವರೆ ಕೋಟಿ ಕುಟುಂಬ ಮನೆ ಇದ್ದೂ ಇಕ್ಕಟ್ಟಿನಲ್ಲಿ ಇರುವವರು. ನಮ್ಮಂಥವರು. ಅದೇ ಹೊತ್ತಿಗೆ, 2011ರ ಜನಗಣತಿಯಲ್ಲಿ, ದೇಶದ ನಗರಗಳಲ್ಲಿ ಬೀಗ ಹಾಕಿದ ಖಾಲಿ ಮನೆಗಳು 1.1 ಕೋಟಿ ಸಿಕ್ಕವು. ಈ ಎರಡು ಅಂಕಿಯನ್ನು ಒಟ್ಟಿಗೆ ಓದಿದರೆ ಸಿಟ್ಟು ಬರುತ್ತದೆ, ಅಲ್ವಾ?

ಮೈಸೂರಿನಲ್ಲಿ ಖಾಲಿ ಮನೆಗಿಂತ ಖಾಲಿ ಸೈಟು ಜಾಸ್ತಿ ಕಣ್ಣಿಗೆ ಬೀಳುತ್ತದೆ. ಒಂದು ಭಾನುವಾರ ವಿಜಯನಗರ 4ನೇ ಹಂತದ ಒಳಗೆ ಹೋಗಿ ಬನ್ನಿ. ರಸ್ತೆ ಇದೆ, ಚರಂಡಿ ಇದೆ, ಬೀದಿದೀಪ ಇದೆ. ಅಲ್ಲಲ್ಲಿ ಒಂದು ಮನೆ, ನಡುವೆ ಪಾರ್ಥೇನಿಯಂ. ಪ್ರಾಧಿಕಾರದಿಂದ ಸೈಟು ಪಡೆದವರು ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕು ಅನ್ನುವ ಷರತ್ತು ಕಾಗದದಲ್ಲಿ ಇರುತ್ತದೆ. ಕಟ್ಟದಿದ್ದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಸೈಟಿನ ಬೆಲೆ ಏರುವ ಮುಂದೆ ಆ ದಂಡ ಯಾವ ಲೆಕ್ಕ? 2023ರ ಮಾರ್ಚಿನಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲಂತೂ ನಮ್ಮ ಅಂಗಡಿಗೆ ಬರುವ ಕ್ರಯಪತ್ರಗಳಲ್ಲಿ ಬೆಂಗಳೂರಿನ ವಿಳಾಸಗಳು ಜಾಸ್ತಿ ಆಗಿವೆ. ಅವರು ಇಲ್ಲಿ ಇರಲು ಬರುತ್ತಿಲ್ಲ, ದುಡ್ಡು ಇಡಲು ಬರುತ್ತಿದ್ದಾರೆ. ತಪ್ಪು ಅಂತ ಹೇಳಲಾರೆ, ನನ್ನ ಹತ್ತಿರ ದುಡ್ಡಿದ್ದರೆ ನಾನೂ ಒಂದು ಸೈಟು ಹಾಕುತ್ತಿದ್ದೆನೋ ಏನೋ. ಆದರೆ ಸರ್ಕಾರ ಲೇಔಟ್ ಮಾಡಿದ್ದು ಮನೆಗೆ ತಾನೇ?

2024ರಲ್ಲಿ 50:50 ಸೈಟು ಹಂಚಿಕೆ, ಅಂದರೆ ಜಮೀನು ಬಿಟ್ಟುಕೊಟ್ಟವರಿಗೆ ಲೇಔಟಿನಲ್ಲಿ ಅರ್ಧ ಜಾಗ ಕೊಡುವುದು, ರಾಜ್ಯಕ್ಕೆಲ್ಲಾ ಸುದ್ದಿಯಾಯಿತು. ಅದರ ತನಿಖೆ, ರಾಜಕೀಯ ನನಗೆ ಬೇಡ. ನಾನು ಗಮನಿಸಿದ್ದು ಬೇರೆ. ಅಷ್ಟು ತಿಂಗಳು ಟೀವಿಯಲ್ಲಿ, ಪೇಪರಿನಲ್ಲಿ ಸೈಟು ಅನ್ನುವ ಮಾತು ಎಷ್ಟು ಸಲ ಬಂತು, ಬಾಡಿಗೆ ಅನ್ನುವ ಮಾತು ಒಂದು ಸಲವಾದರೂ ಬಂತಾ? ಈ ಊರಿಗೆ ಸೈಟು ಬಿಟ್ಟು ಬೇರೆ ಭಾಷೆಯೇ ಬರುವುದಿಲ್ಲ.

ಮೊದಲು ಹೀಗಿರಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ. 1898ರ ಸುಮಾರಿಗೆ ಮೈಸೂರಿಗೆ ಪ್ಲೇಗ್ ಬಂತು. ಜನ ಸತ್ತಿದ್ದು ಇಕ್ಕಟ್ಟಿನ ಕೇರಿಗಳಲ್ಲಿ, ಗಾಳಿ ಬೆಳಕು ಇಲ್ಲದ ಕೋಣೆಗಳಲ್ಲಿ. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1903-04ರ ಹೊತ್ತಿಗೆ, ನಗರ ಸುಧಾರಣಾ ಮಂಡಳಿ ಆಯಿತು. ಹಳಬರು ಇನ್ನೂ ಸಿಐಟಿಬಿ ಅಂತಲೇ ಅನ್ನುತ್ತಾರೆ. ದೇಶದಲ್ಲೇ ಮೊದಮೊದಲ ಇಂತಹ ಮಂಡಳಿಗಳಲ್ಲಿ ಇದೂ ಒಂದು. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಈಗ ಬೈಕ್ ನಿಲ್ಲಿಸುತ್ತೇವೆ, ಅದು ಊರಿನ ಆರೋಗ್ಯದ ಬಗ್ಗೆ ಯೋಚನೆ ಮಾಡಿ ಬಿಟ್ಟ ಜಾಗ. 1988ರಲ್ಲಿ ಅದೇ ಮಂಡಳಿಯ ಜಾಗಕ್ಕೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಬಂತು. 2024ರ ಕೊನೆಯಲ್ಲಿ ಮಸೂದೆ ಪಾಸಾಗಿ ಮುಡಾ ಹೋಗಿ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಬೋರ್ಡ್ ಎರಡು ಸಲ ಬದಲಾಯಿತು. ಕೋಣೆಗೆ ಗಾಳಿ ಬರಲಿ ಅಂತ ಹುಟ್ಟಿದ್ದು, ಸೈಟಿಗೆ ಅರ್ಜಿ ಹಾಕುವ ಕಚೇರಿ ಆಗಿ ಉಳಿಯಿತು.

ಪಾಲಿಕೆಯವರಿಗೂ ಒಂದು ಮಾತು. 2015ರಲ್ಲಿ, 2016ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂತು. ನಾವೆಲ್ಲ ಹೆಮ್ಮೆ ಪಟ್ಟೆವು, ಈಗಲೂ ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ. ಬೆಳಿಗ್ಗೆ ಕಸದ ಗಾಡಿ ಬರುತ್ತದೆ, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡುತ್ತೇವೆ. ಆ ಕೆಲಸ ನಿಮ್ಮಿಂದ ಆಯಿತು ಅಂದರೆ ಇದೂ ಆಗುತ್ತದೆ ಅಂತಲೇ ನಾನು ಬರೆಯುತ್ತಿರುವುದು. ಆದರೆ ಸ್ವಚ್ಛತೆ ನೋಡಲು ಬಂದವರು ಗೇಟಿನ ತನಕ ಬಂದು ಹೋದರು. ಗೇಟಿನ ಒಳಗೆ ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲು ಇಟ್ಟು ಬ್ಯಾಚುಲರ್ ರೂಮ್ ಅಂತ ಕೊಟ್ಟಿರುತ್ತಾರೆ. ತಾರಸಿ ಮೇಲೆ ಶೀಟ್ ಹಾಕಿ ಒಂದು ಮನೆ ಮಾಡಿರುತ್ತಾರೆ. ಏಪ್ರಿಲ್‌ನಲ್ಲಿ ಆ ಶೀಟ್ ಮನೆಯೊಳಗೆ ಮಧ್ಯಾಹ್ನ ಹತ್ತು ನಿಮಿಷ ಕೂತು ನೋಡಬೇಕು.

ನೀವು ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯ. ಕೇಂದ್ರದ ನಗರ ನವೀಕರಣದ ನರ್ಮ್ ಯೋಜನೆಯಲ್ಲಿ ಕರ್ನಾಟಕದಿಂದ ಆಯ್ಕೆ ಆದದ್ದು ಎರಡೇ ಊರು, ಬೆಂಗಳೂರು ಮತ್ತು ಮೈಸೂರು. ಅದರಲ್ಲಿ ಕೊಳೆಗೇರಿಯವರಿಗೆ ಮನೆ ಕಟ್ಟಿದಿರಿ. 2025ರಲ್ಲಿ ಬಿ-ಖಾತಾ ಅಭಿಯಾನ ಬಂತು, ಮಂಜೂರಾತಿ ಇಲ್ಲದ ಲೇಔಟಿನ ರೆವಿನ್ಯೂ ಸೈಟಿನವರಿಗೆ ಒಂದು ಕಾಗದ ಸಿಕ್ಕಿತು. ಖಾತೆ ಕೈಗೆ ಸಿಕ್ಕವರು ಅಂಗಡಿಗೆ ಬಂದು ಲ್ಯಾಮಿನೇಷನ್ ಮಾಡಿಸಿಕೊಂಡು ಹೋಗುತ್ತಿದ್ದರು. ನನಗೂ ಖುಷಿಯಾಯಿತು. ಆದರೆ ಇದೆಲ್ಲ ಮನೆ ಅಥವಾ ಸೈಟು ಸ್ವಂತಕ್ಕೆ ಇರುವವರಿಗೆ. ಸ್ವಂತ ಮನೆ ಇವತ್ತಿಲ್ಲದಿದ್ದರೆ ನಾಳೆ ಆಗುತ್ತದೆ, ಬಾಡಿಗೆ ಅನ್ನುವುದು ನಡುವಿನ ನಿಲ್ದಾಣ ಅನ್ನುವ ಲೆಕ್ಕದಲ್ಲೇ ಎಲ್ಲಾ ಯೋಜನೆ ಬರುತ್ತವೆ. 17 ವರ್ಷ ನಿಲ್ದಾಣದಲ್ಲಿ ಕೂತವರಿಗೆ ಏನು ಹೆಸರು?

ಈಗ ಕಾನೂನಿನ ಮಾತು. ಟೈಪ್ ಮಾಡಿ ಮಾಡಿ ನನಗೂ ಸ್ವಲ್ಪ ಬರುತ್ತದೆ.

ಕರಾರು ಯಾಕೆ 11 ತಿಂಗಳು ಅಂತ ದಿನಾ ಒಬ್ಬರಾದರೂ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಬೇಕು. ಅದನ್ನು ತಪ್ಪಿಸಿಕೊಳ್ಳಲು 11. ಹಾಗಾಗಿ ಮೈಸೂರಿನ ಬಾಡಿಗೆ ಸಂಸಾರಗಳ ಬಾಳು 11 ತಿಂಗಳಿಗೊಮ್ಮೆ ರಿನ್ಯೂ ಆಗುತ್ತದೆ. ಯಾವ ಸರ್ಕಾರಿ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ರಾಜ್ಯದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ. 2001ರ ಡಿಸೆಂಬರ್ 31ರಿಂದ ಜಾರಿ. ಅದು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಆಗ ಅದು ದೊಡ್ಡ ಮೊತ್ತವೇ ಇರಬಹುದು. ಇವತ್ತು 3,500ಕ್ಕೆ ಮೈಸೂರಿನಲ್ಲಿ ಕಾರು ನಿಲ್ಲಿಸಲು ಶೆಡ್ ಸಿಕ್ಕರೆ ಪುಣ್ಯ. ಅಂದರೆ ಕಾಯ್ದೆ ಇದೆ, ಅದರ ಒಳಗೆ ಹೋಗಲು ಬಾಗಿಲಿಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಇಲ್ಲಿ ಐದು, ಆರು, ಒಮ್ಮೊಮ್ಮೆ ಹತ್ತು ತಿಂಗಳದ್ದು ಟೈಪ್ ಮಾಡಿದ್ದೇನೆ. ಓನರು ಮನೆಯೊಳಗೆ ಬರಲು 24 ಗಂಟೆ ಮುಂಚೆ ತಿಳಿಸಬೇಕು. ಜಗಳ ಆಯಿತು ಅಂತ ನೀರು, ಕರೆಂಟು ಕಟ್ ಮಾಡುವಂತಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಅದರ ಹಿಂದಿನ ಪುಟದ ಪಟ್ಟಿ. ರಿಪೇರಿ ಯಾರು ಮಾಡಿಸಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನಲ್ಲಿ ವಾಷರ್, ಸ್ವಿಚ್ಚು, ಬಾಗಿಲ ಚಿಲಕ, ಇವೆಲ್ಲ ಬಾಡಿಗೆದಾರರದು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರದು! ನಾನು ಇಷ್ಟು ವರ್ಷ 'ಬಣ್ಣದ ಖರ್ಚಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡು' ಅಂತ ಟೈಪ್ ಮಾಡುತ್ತಿದ್ದೇನೆ. ನಾನೇ ಐದು ಸಲ ಮುರಿಸಿಕೊಂಡಿದ್ದೇನೆ. ಅದರಲ್ಲಿ ಎರಡು ಮನೆಗೆ ನಾವು ಬಿಟ್ಟ ಮೇಲೆ ಬಣ್ಣ ಹೊಡೆಸಲೇ ಇಲ್ಲ, ಮುಂದಿನವರು ಹೇಳಿದರು.

ಮಾದರಿ ಕಾಯ್ದೆ ತರುವುದು ರಾಜ್ಯದ ಕೆಲಸ, ನಿಮ್ಮ ಕೈಯಲ್ಲಿಲ್ಲ. ಗೊತ್ತು. ಆದರೆ ಪಾಲಿಕೆಯಿಂದ ಒಂದು ಪತ್ರ ವಿಧಾನಸೌಧಕ್ಕೆ ಹೋದರೆ ಅದಕ್ಕೆ ತೂಕ ಇರುತ್ತದೆ, ನನ್ನ ಪತ್ರಕ್ಕೆ ಎಲ್ಲಿಂದ ತೂಕ?

ಓನರುಗಳ ಕಡೆಯಿಂದಲೂ ಮಾತಾಡದಿದ್ದರೆ ನನಗೇ ಸಮಾಧಾನ ಇರುವುದಿಲ್ಲ. ಮೈಸೂರಿನಲ್ಲಿ ಓನರ್ ಅಂದರೆ ಕೋಟ್ಯಧಿಪತಿ ಅಂತಲ್ಲ. ನಮ್ಮ ನಾಲ್ಕನೇ ಮನೆಯ ಓನರ್ ಅಜ್ಜಿ, ಗಂಡ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಮೇಲೆ ಒಂದು ಪೋರ್ಷನ್ ಎತ್ತಿಸಿದ್ದರು. ಆ ಬಾಡಿಗೆಯಲ್ಲೇ ಅವರ ಮಾತ್ರೆ, ಅವರ ಹಾಲು. ನಾನು ಬಾಣಂತಿ ಆಗಿದ್ದಾಗ ಮೂರು ತಿಂಗಳು ಬಿಸಿನೀರು ಕಾಯಿಸಿ ಕೊಟ್ಟವರು ಅವರು. ನಮಗಿಂತ ಮುಂಚೆ ಇದ್ದ ಬಾಡಿಗೆಯವರು ಎಂಟು ತಿಂಗಳು ಬಾಡಿಗೆ ಕೊಡದೆ, ಖಾಲಿಯೂ ಮಾಡದೆ ಅಜ್ಜಿಯನ್ನು ಅಳಿಸಿದ್ದರಂತೆ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ, ಅಂಗಡಿಯಲ್ಲಿ ಕೂತು ನಾನೇ ನೋಡುತ್ತೇನಲ್ಲ. ಮನೆ ಖಾಲಿ ಇಟ್ಟರೂ ಪರವಾಗಿಲ್ಲ ಬಾಡಿಗೆಗೆ ಕೊಡಲ್ಲ ಅನ್ನುವವರು ಸುಮ್ನೆ ಹಾಗೆ ಅನ್ನುವುದಿಲ್ಲ. ಮಾದರಿ ಕಾಯ್ದೆಯಲ್ಲಿ ಅವಧಿ ಮುಗಿದೂ ಖಾಲಿ ಮಾಡದವರು ಮೊದಲ ಎರಡು ತಿಂಗಳು ಎರಡರಷ್ಟು, ಆಮೇಲೆ ನಾಲ್ಕರಷ್ಟು ಬಾಡಿಗೆ ಕಟ್ಟಬೇಕು. ಅದೂ ಸರಿಯೇ. ಅಜ್ಜಿಯಂಥವರಿಗೆ ಧೈರ್ಯ ಬಂದರೆ ಬೀಗ ಹಾಕಿದ ಮನೆ ಎಷ್ಟೋ ತೆರೆಯುತ್ತವೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಮೈಸೂರಿನಲ್ಲಿ ಮನೆ ನೋಡಲು ಹೋದರೆ ಮೊದಲ ಪ್ರಶ್ನೆ ಎಷ್ಟು ಜನ ಅಂತ ಬರುವುದಿಲ್ಲ. 'ನಿಮ್ಮದು ಯಾವ ಜನ?' ಅಂತ ಬರುತ್ತದೆ. ಕೆಲವರು ನಾಜೂಕಾಗಿ ಊರು ಕೇಳುತ್ತಾರೆ, ಮನೆದೇವರು ಕೇಳುತ್ತಾರೆ. ಟೂ-ಲೆಟ್ ಬೋರ್ಡಿನಲ್ಲೇ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬರೆಯುವವರು ವಾಸಿ, ಮೆಟ್ಟಿಲು ಹತ್ತುವ ಕಷ್ಟ ಉಳಿಯುತ್ತದೆ. ನಮ್ಮ ಅಂಗಡಿಗೆ ಬರುವ ಒಬ್ಬಳು ನರ್ಸ್, ಮುಸ್ಲಿಂ ಹುಡುಗಿ, ಕೈತುಂಬ ಸಂಬಳ, 19 ಮನೆ ನೋಡಿದಳು. ಎಲ್ಲಾ ಕಡೆ ಹೆಸರು ಹೇಳಿದ ಮೇಲೆ 'ನಿನ್ನೆಯಷ್ಟೇ ಬುಕ್ ಆಯಿತು'. ಗಂಡ ಜೊತೆಗಿಲ್ಲ ಅಂದರೆ ನನ್ನಂಥವಳಿಗೂ ಅದೇ ಉತ್ತರ. ಸ್ವಂತದವರ ಮನೆ, ಅವರಿಷ್ಟ ಅನ್ನಬಹುದು. ಹಾಗಾದರೆ ಸರ್ಕಾರದ ಬಾಡಿಗೆ ಮನೆಗಳಾದರೂ ಇರಬೇಕು, ಅಲ್ಲಿ ಯಾರೂ ಮನೆದೇವರು ಕೇಳಬಾರದು.

ಪ್ರಾಧಿಕಾರದವರಿಗೆ ನನ್ನ ಕೋರಿಕೆ ಇಲ್ಲೇ ಇದೆ. ಮುಂದಿನ ಲೇಔಟ್ ಮಾಡುವಾಗ ಎಲ್ಲವನ್ನೂ ಸೈಟು ಮಾಡಿ ಹಂಚಬೇಡಿ. ಒಂದು ಭಾಗ ಇಟ್ಟುಕೊಂಡು ಚಿಕ್ಕ ಚಿಕ್ಕ ಮನೆ ಕಟ್ಟಿ, ಮಾರಬೇಡಿ, ಬಾಡಿಗೆಗೆ ಕೊಡಿ. ಹೆಬ್ಬಾಳು, ಹೂಟಗಳ್ಳಿ ಕಾರ್ಖಾನೆಗಳ ಹುಡುಗರು, ಪೌರಕಾರ್ಮಿಕರು, ಆಸ್ಪತ್ರೆಯ ಆಯಾಗಳು ಇವರೆಲ್ಲ ಸೈಟು ಕೇಳುತ್ತಿಲ್ಲ. ಕೆಲಸದ ಹತ್ತಿರ ಒಂದು ಗಾಳಿ ಬರುವ ಕೋಣೆ ಕೇಳುತ್ತಿದ್ದಾರೆ. ಇದಕ್ಕೆ ದುಡ್ಡಿನ ದಾರಿಯೂ ಇದೆ. ಲಾಕ್‌ಡೌನ್‌ನಲ್ಲಿ ಕೂಲಿಯವರು ನಡೆದುಕೊಂಡು ಊರಿಗೆ ಹೋದ ಮೇಲೆ, 2020ರಲ್ಲಿ ಕೇಂದ್ರ ಸರ್ಕಾರ ಕಡಿಮೆ ಬಾಡಿಗೆ ವಸತಿ ಯೋಜನೆ ತಂದಿತು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ವಸತಿ ಅಂತಲೇ ಒಂದು ವಿಭಾಗ ಇದೆ. ಅದಕ್ಕೆ ಮೈಸೂರಿನಿಂದ ಒಂದು ಒಳ್ಳೆ ಪ್ರಸ್ತಾವ ಹೋಗಲಿ. ಆದರೆ ಊರಾಚೆ ಬಸ್ಸಿಲ್ಲದ ಕಡೆ ಕಟ್ಟಬೇಡಿ.

ಪಾಲಿಕೆಯವರಿಗೆ ಇನ್ನೂ ಸುಲಭದ ಕೆಲಸ. 65 ವಾರ್ಡು, 9 ವಲಯ ಕಚೇರಿ, ವರ್ಷಕ್ಕೊಮ್ಮೆ ಕಂದಾಯ. ಕಂದಾಯದ ಫಾರಂನಲ್ಲಿ ಮನೆಯ ಅಳತೆ ಹೇಗೂ ಕೇಳುತ್ತೀರಿ. ಇನ್ನು ಮೂರು ಕಾಲಂ ಸೇರಿಸಿ. ಇದರಲ್ಲಿ ಎಷ್ಟು ಮನೆ ಬಾಡಿಗೆಗಿದೆ, ಒಂದೊಂದಕ್ಕೂ ಬೇರೆ ಮೀಟರ್ ಇದೆಯಾ, ಚಿಕ್ಕ ಕೋಣೆಯ ಅಳತೆ ಎಷ್ಟು. ಅಷ್ಟೇ. ಮೊದಲ ವರ್ಷ ದಂಡ ಬೇಡ, ನೋಟಿಸ್ ಬೇಡ. ಲೆಕ್ಕ ಸಿಗಲಿ ಸಾಕು. ದಂಡ ಅಂದ ತಕ್ಷಣ ಎಲ್ಲರೂ ಸುಳ್ಳು ಬರೆಯುತ್ತಾರೆ.

ಮೀಟರ್ ಯಾಕೆ ಕೇಳಿದೆ ಅಂದರೆ, ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆಯವರಿಗೂ ಇದೆ, 200 ಯೂನಿಟ್ ತನಕ. ಆದರೆ ಆರು ಮನೆಗೆ ಒಂದೇ ಮೀಟರ್ ಇದ್ದರೆ ಅದು ಯಾರಿಗೂ ಸಿಗುವುದಿಲ್ಲ. ಓನರು ಒಳಗೆ ಸಬ್‌ಮೀಟರ್ ಇಟ್ಟು ಯೂನಿಟ್‌ಗೆ 10 ರೂಪಾಯಿ ತಗೊಳ್ಳುತ್ತಾರೆ. ನಮ್ಮ ಕಟ್ಟಡದಲ್ಲಿ ಹೀಗೇ. ಸರ್ಕಾರ ಕೊಟ್ಟ ಬೆಳಕು ನಮ್ಮ ಮೆಟ್ಟಿಲ ಬುಡದಲ್ಲೇ ನಿಂತಿದೆ.

ಪಿಜಿಗಳ ವಿಷಯದಲ್ಲಿ ಕಾಯಬೇಡಿ, ಈಗಲೇ ನಿಯಮ ಮಾಡಿ. ಮಾನಸಗಂಗೋತ್ರಿ ಸುತ್ತ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಹೆಬ್ಬಾಳು ಕಡೆ ಒಂದು ರೂಮಿಗೆ ನಾಲ್ಕು, ಐದು ಮಂಚ. ಮಂಡ್ಯ, ಚಾಮರಾಜನಗರ, ಹಾಸನದಿಂದ ಓದಲು ಬಂದ ಮಕ್ಕಳು. ಅಪ್ಪ ಅಮ್ಮ ಬಂದು ಬಿಟ್ಟು ಹೋಗುವಾಗ ಬೆಡ್‌ಶೀಟ್ ಹೊಸದಾಗಿರುತ್ತದೆ. ಬೆಂಗಳೂರಿನ ನಿಯಮಗಳ ಪ್ರತಿ ಬೇಕಾದರೆ ಹೇಳಿ, ಉಚಿತವಾಗಿ ಟೈಪ್ ಮಾಡಿ ಕೊಡುತ್ತೇನೆ. ಲೈಸೆನ್ಸನ್ನು ಬಾಗಿಲಲ್ಲಿ ಹಾಕಿಸಿ, ಎಷ್ಟು ಜನಕ್ಕೆ ಅಂತ ದಪ್ಪ ಅಕ್ಷರದಲ್ಲಿ.

ಬೃಹತ್ ಮೈಸೂರು ಆಗುತ್ತದೆ, ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಎಲ್ಲಾ ಪಾಲಿಕೆಗೆ ಸೇರುತ್ತವೆ ಅನ್ನುವ ಮಾತಿದೆ. ಬಾಡಿಗೆ ಕಡಿಮೆ ಅಂತ ನಮ್ಮಂಥವರು ಹೋಗಿ ಸೇರಿಕೊಳ್ಳುವುದೇ ಆ ಅಂಚುಗಳಿಗೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ನೀರಿನ ಟ್ಯಾಂಕರಿಗೆ, ಬಸ್ಸಿಗೆ ಕೊಡುತ್ತಾರೆ. ಸೇರಿಸುವಾಗ ರಸ್ತೆ, ಸೈಟಿನ ಜೊತೆ ಇವರನ್ನೂ ಎಣಿಸಿಕೊಳ್ಳಿ.

ಇದನ್ನೆಲ್ಲ ಕಾರ್ಪೊರೇಟರಿಗೆ ಹೇಳಬಹುದಿತ್ತು. 2023ರ ನವೆಂಬರಿನಲ್ಲಿ ಕೌನ್ಸಿಲ್ ಅವಧಿ ಮುಗಿಯಿತು, ಎರಡು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಹಾಗಾಗಿ ನೇರವಾಗಿ ನಿಮಗೇ ಬರೆದೆ.

ಒಂದು ದಿನ ನಮ್ಮ ಬೀದಿಗೆ ಬನ್ನಿ. ಭಾನುವಾರ ಬೆಳಿಗ್ಗೆ ಆದರೆ ಒಳ್ಳೆಯದು, ಮನೆ ಹುಡುಕುವವರೂ ಸಿಗುತ್ತಾರೆ. ಟೈಲರ್ ಟೇಪ್ ಇನ್ನೂ ನನ್ನ ಹತ್ತಿರವೇ ಇದೆ, ವಾಪಸ್ ಕೊಟ್ಟಿಲ್ಲ. ಕಾಫಿ ಕೊಡುತ್ತೇನೆ. ಮೂವರಿಗಿಂತ ಜಾಸ್ತಿ ಜನ ಬಂದರೆ ಒಬ್ಬರು ಮೆಟ್ಟಿಲ ಮೇಲೆ ಕೂರಬೇಕಾಗುತ್ತದೆ.

ಬಂದಾಗ ದಯವಿಟ್ಟು ನಮ್ಮ ಒಂದೇ ಮನೆ ಅಳೆಯಬೇಡಿ. ಬೀದಿಯ ಎಲ್ಲಾ ಮನೆಗೂ ಹೋಗಿ ಅಳೆಯಿರಿ. ಪತ್ರ ಬರೆದವಳು ಯಾರು ಅಂತ ಓನರಿಗೆ ಗೊತ್ತಾಗಬಾರದು. ನಮ್ಮ 11 ತಿಂಗಳು ಮುಂದಿನ ತಿಂಗಳಿಗೆ ಮುಗಿಯುತ್ತದೆ.

ಇಂತಿ,
ಬಾಡಿಗೆ ಕರಾರು ಟೈಪ್ ಮಾಡುವವಳು,
ಮೈಸೂರು